ನಿಮ್ಮ ಮೇಲ್ ಇರುವುದೆಲ್ಲಿ?

ಬ್ರೌಸರ್‌ನಲ್ಲಿ ಮೇಲ್ ನೋಡುವುದು ಒಳ್ಳೆಯದೋ, ಕಂಪ್ಯೂಟರಿಗೆ ಪ್ರೋಗ್ರಾಂ ಹಾಕಿಕೊಳ್ಳುವುದು ಒಳ್ಳೆಯದೋ ಎಂದು ಕೇಳಿ ಬಂದ ಪತ್ರಗಳನ್ನು ಈ ಸಲ ಒಟ್ಟಿಗೇ ತೆಗೆದುಕೊಂಡಿದ್ದೇನೆ. ಮೇಲ್ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲೇ ನನ್ನ ವೃತ್ತಿಜೀವನದ ಬಹುಪಾಲು ಕಳೆದಿದೆ. ಹಾಗಾಗಿ ಇಲ್ಲಿ ನನಗೆ ಗಟ್ಟಿ ಅಭಿಪ್ರಾಯಗಳಿವೆ, ಅವನ್ನು ಮುಚ್ಚಿಟ್ಟಿಲ್ಲ. ಎರಡನೆಯ ಪ್ರಶ್ನೆಯ ಉತ್ತರವನ್ನು ಮಾತ್ರ ದಯವಿಟ್ಟು ಎಲ್ಲರೂ ಓದಿ.

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕಿ. ಇಷ್ಟು ವರ್ಷವೂ ಬ್ರೌಸರ್ ತೆರೆದು ಜಿಮೇಲ್ ನೋಡುತ್ತಿದ್ದೆ. ಹಳೆಯ ವಿದ್ಯಾರ್ಥಿಯೊಬ್ಬ ನನ್ನ ಲ್ಯಾಪ್‌ಟಾಪಿಗೆ ಥಂಡರ್‌ಬರ್ಡ್ ಹಾಕಿಕೊಟ್ಟಿದ್ದಾನೆ. ಈಗ ಅವೇ ಪತ್ರಗಳು ಎರಡು ಕಡೆ ಕಾಣುತ್ತಿವೆ. ಒಂದು ಕಡೆ ಓದಿದರೆ ಇನ್ನೊಂದು ಕಡೆಯೂ ಓದಿದಂತೆ ಆಗುತ್ತದೆ. ನನಗೀಗ ಎರಡು ಖಾತೆಗಳಾದವೇ? ಇದರಿಂದ ನನಗೇನು ಉಪಯೋಗ?

ಉತ್ತರ: ಖಾತೆ ಒಂದೇ ಮೇಡಂ, ಗಾಬರಿ ಬೇಡ. ನಿಮ್ಮ ಪತ್ರಗಳು ಇರುವುದು ಗೂಗಲ್‌ನ ಸರ್ವರ್‌ನಲ್ಲಿ, ಅಂದರೆ ಆ ಕಂಪನಿಯ ಕಂಪ್ಯೂಟರ್‌ನಲ್ಲಿ. ಬ್ರೌಸರ್‌ನಲ್ಲಿ ನೋಡುವಾಗ ಸರ್ವರ್ ಒಂದು ಪುಟವನ್ನು ಸಿದ್ಧಮಾಡಿ ನಿಮಗೆ ಕಳಿಸುತ್ತದೆ. ನೀವು ಒಂದು ಪತ್ರ ಒತ್ತಿದಿರಿ ಎಂದರೆ ಮತ್ತೆ ಅಲ್ಲಿಗೆ ಕೇಳಿ ತರಿಸಬೇಕು. ನೆಟ್ ಹೋಯಿತೆಂದರೆ ಸಾಮಾನ್ಯವಾಗಿ ಎಲ್ಲವೂ ನಿಂತಂತೆಯೇ. ಥಂಡರ್‌ಬರ್ಡ್ ಹಾಗಲ್ಲ. ಅದು ನಿಮ್ಮ ಲ್ಯಾಪ್‌ಟಾಪಿನಲ್ಲೇ ಕೂತಿರುವ ಪ್ರೋಗ್ರಾಂ. ಸರ್ವರ್ ಜೊತೆ ತಾನೇ ಮಾತಾಡಿ, ಪತ್ರಗಳ ಪ್ರತಿ ತಂದಿಟ್ಟುಕೊಂಡು, ತನ್ನದೇ ಕಿಟಕಿಯಲ್ಲಿ ತೋರಿಸುತ್ತದೆ.

ಈ ಮಾತುಕತೆಗೆ ಎಲ್ಲರೂ ಒಪ್ಪಿದ ನಿಯಮಗಳಿವೆ. ಪತ್ರ ಕಳಿಸುವುದಕ್ಕೆ ಎಸ್‌ಎಂಟಿಪಿ. 1982ರಲ್ಲಿ ಜಾನ್ ಪೋಸ್ಟೆಲ್ ಬರೆದಿಟ್ಟ ಆ ನಿಯಮಗಳ ಮೂಲ ರೂಪ ಇಂದಿಗೂ ಚಾಲ್ತಿಯಲ್ಲಿದೆ. ಬಂದ ಪತ್ರ ತರಿಸಿಕೊಳ್ಳುವುದಕ್ಕೆ ಎರಡು ದಾರಿ. 1984ರಲ್ಲಿ ಬಂದ ಪಾಪ್ ಒಂದು, 1986ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಕ್ರಿಸ್ಪಿನ್ ರೂಪಿಸಿದ ಐಮ್ಯಾಪ್ ಇನ್ನೊಂದು. ಪಾಪ್ ಪತ್ರವನ್ನು ಇಳಿಸಿಕೊಂಡು ಸರ್ವರ್‌ನ ಜೊತೆ ಲೆಕ್ಕ ಮುಗಿಸುತ್ತದೆ. ಅದರ ಪ್ರಕಾರ ಪತ್ರದ ಮನೆ ನಿಮ್ಮ ಕಂಪ್ಯೂಟರ್. ಐಮ್ಯಾಪ್ ಪ್ರಕಾರ ಪತ್ರದ ಮನೆ ಸರ್ವರ್. ನಿಮ್ಮ ಕಂಪ್ಯೂಟರ್‌ನಲ್ಲಿರುವುದು ಅಲ್ಲಿನ ಪ್ರತಿಬಿಂಬ ಮಾತ್ರ. ನಿಮ್ಮ ವಿದ್ಯಾರ್ಥಿ ಐಮ್ಯಾಪ್ ಹಾಕಿದ್ದಾನೆ. ಅದಕ್ಕೇ ಒಂದು ಕಡೆ ಓದಿದ್ದು ಇನ್ನೊಂದು ಕಡೆಯೂ ಓದಿದಂತೆ ಕಾಣುತ್ತಿದೆ.

ಮೊದಲೆಲ್ಲ ಇಂಥ ಪ್ರೋಗ್ರಾಂ ಇಲ್ಲದೆ ಮನೆಯಲ್ಲಿ ಮೇಲ್ ಓದುವುದೇ ಕಷ್ಟವಿತ್ತು. 1996ರ ಜುಲೈ 4ರಂದು ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ ಹಾಟ್‌ಮೇಲ್ ಶುರುಮಾಡಿದ ಮೇಲೆ ಯಾವ ಕಂಪ್ಯೂಟರ್‌ನಿಂದಲಾದರೂ ಪತ್ರ ನೋಡುವ ಅಭ್ಯಾಸ ಜನಸಾಮಾನ್ಯರಿಗೆ ಬಂತು. ಆದರೆ ಅಲ್ಲಿ ಕೊಡುತ್ತಿದ್ದ ಜಾಗ 2 ಎಂಬಿ. ಇಂದಿನ ಫೋನಿನ ಒಂದು ಫೋಟೋಗೇ ಅದು ಸಾಲದು. ಪತ್ರ ಉಳಿಸಿಕೊಳ್ಳಬೇಕೆಂದರೆ ಇಳಿಸಿಕೊಳ್ಳಲೇಬೇಕಿತ್ತು. 2004ರ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಕೊಟ್ಟು ಬಂದಾಗ ಆ ಒತ್ತಡ ಹೋಯಿತು. ಏನನ್ನೂ ಅಳಿಸಬೇಕಿಲ್ಲ, ಇಳಿಸಬೇಕಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದ್ದು ಅಲ್ಲಿಂದ.

ನಿಮಗೇನು ಉಪಯೋಗ ಎಂದು ಕೇಳಿದ್ದೀರಿ. ದಿನಕ್ಕೆ ಒಂದೆರಡು ಪತ್ರ ಓದುವವರಾದರೆ ಬ್ರೌಸರ್ ಧಾರಾಳ ಸಾಕು. ಹಳೆಯ ಪತ್ರಗಳನ್ನು ಹುಡುಕಿ ತೆಗೆಯುವ ಅಭ್ಯಾಸವಿದ್ದರೆ, ನೆಟ್ ಇಲ್ಲದಾಗಲೂ ಓದಬೇಕೆಂದರೆ, ಜಾಹೀರಾತಿಲ್ಲದ ಕಿಟಕಿಯಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ನಿಧಾನವಾಗಿ ಬರೆಯಬೇಕೆಂದರೆ ಥಂಡರ್‌ಬರ್ಡ್ ಇಟ್ಟುಕೊಳ್ಳಿ. ಎರಡನ್ನೂ ಬಳಸಬಹುದು, ಜಗಳವಿಲ್ಲ. ನಾನೂ ಮೇಜಿನ ಮುಂದೆ ಕೂತಾಗ ಪ್ರೋಗ್ರಾಂ, ಹೊರಗಿದ್ದಾಗ ವೆಬ್‌ಮೇಲ್, ಅಂದರೆ ಬ್ರೌಸರ್, ಬಳಸುವವಳು.

ಪ್ರಶ್ನೆ: ನಾನು ಅನುವಾದಕ. ಉಚಿತವಾಗಿ ಸಿಗುವ 15 ಜಿಬಿ ತುಂಬಿತೆಂದು ಜಿಮೇಲ್ ಎಚ್ಚರಿಕೆ ಕೊಟ್ಟಿತು. ಎಲ್ಲ ಪತ್ರಗಳೂ ಥಂಡರ್‌ಬರ್ಡ್‌ಗೆ ಇಳಿದಿವೆಯಲ್ಲ ಎಂಬ ಧೈರ್ಯದ ಮೇಲೆ ವೆಬ್‌ಸೈಟಿಗೆ ಹೋಗಿ ಹಳೆಯ ವರ್ಷಗಳದನ್ನೆಲ್ಲ ಡಿಲೀಟ್ ಮಾಡಿದೆ. ಈಗ ನೋಡಿದರೆ ಥಂಡರ್‌ಬರ್ಡ್‌ನಲ್ಲೂ ಇಲ್ಲ! ಕರಾರುಪತ್ರಗಳು, ಕರಡುಗಳು, ಎಲ್ಲವೂ ಅದರಲ್ಲಿದ್ದವು. ದಯವಿಟ್ಟು ದಾರಿ ತೋರಿಸಿ.

ಉತ್ತರ: ನಿಮ್ಮ ಪತ್ರ ತಲುಪಿದ ದಿನವೇ ಚಿಕ್ಕ ಉತ್ತರ ಕಳಿಸಿದ್ದೆ. ಇಲ್ಲಿ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ನನ್ನನ್ನು ಹೆಚ್ಚು ಸಂಕಟಕ್ಕೆ ಈಡುಮಾಡುವುದು ಇದೇ ಪ್ರಶ್ನೆ.

ಮೊದಲು ವೆಬ್‌ಸೈಟಿನ ಟ್ರ್ಯಾಶ್ ಫೋಲ್ಡರ್ ನೋಡಿ. ಅಳಿಸಿದ ಪತ್ರ ಜಿಮೇಲ್‌ನಲ್ಲಿ 30 ದಿನ ಅಲ್ಲಿರುತ್ತದೆ. ಅಲ್ಲಿದ್ದರೆ ಎಲ್ಲವನ್ನೂ ಆಯ್ದು ಇನ್‌ಬಾಕ್ಸಿಗೆ ಹಿಂತಿರುಗಿಸಿ. ಥಂಡರ್‌ಬರ್ಡ್‌ಗೂ ತಾನಾಗಿ ಮರಳುತ್ತವೆ.

ಜಾಗ ಬೇಕೆಂದು ಟ್ರ್ಯಾಶ್ ಕೂಡ ಖಾಲಿ ಮಾಡಿದ್ದರೆ ಥಂಡರ್‌ಬರ್ಡ್ ತೆರೆಯಲೇಬೇಡಿ. ನೆಟ್ ಕಡಿದುಹಾಕಿ. ಅದು ನಿಮ್ಮ ಪತ್ರ, ಸೆಟ್ಟಿಂಗ್ ಎಲ್ಲ ಕೂಡಿಟ್ಟಿರುವ ಪ್ರೊಫೈಲ್ ಎಂಬ ಫೋಲ್ಡರನ್ನು ಇಡಿಯಾಗಿ ಬೇರೊಂದು ಡಿಸ್ಕಿಗೆ ನಕಲು ಮಾಡಿ. ಅದರೊಳಗೆ ಐಮ್ಯಾಪ್‌ಮೇಲ್ ಎಂಬ ಫೋಲ್ಡರ್ ಇರುತ್ತದೆ. ಅಲ್ಲಿ ಎಕ್ಸ್‌ಟೆನ್ಶನ್ ಇಲ್ಲದ ದೊಡ್ಡ ಫೈಲುಗಳು ಕಾಣುತ್ತವೆ, ಒಂದೊಂದು ಮೇಲ್ ಫೋಲ್ಡರಿಗೆ ಒಂದೊಂದು. ಎಂಬಾಕ್ಸ್ ಎಂಬ ಬಗೆಯ ಫೈಲುಗಳವು. ಪತ್ರದ ಹಿಂದೆ ಪತ್ರ ಸೇರಿಸುತ್ತ ಹೋದ ಸಾದಾ ಪಠ್ಯ, ಅಷ್ಟೆ. ಒಂದು ಪತ್ರ ಅಳಿಸಿತು ಎಂದಾಗ ಥಂಡರ್‌ಬರ್ಡ್ ಅದನ್ನು ಆ ಕ್ಷಣವೇ ಫೈಲಿನಿಂದ ಕತ್ತರಿಸಿ ತೆಗೆಯುವುದಿಲ್ಲ. ಅಳಿಸಿದ ಗುರುತು ಹಾಕಿ ಪಟ್ಟಿಯಿಂದ ಮರೆಮಾಡುತ್ತದೆ. ನಿಜವಾಗಿ ಕತ್ತರಿಸುವುದು ಮುಂದೆ ಎಂದೋ ಕಾಂಪ್ಯಾಕ್ಟ್ ಎಂಬ ಕೆಲಸ ನಡೆದಾಗ. ನಿಮಗಿರುವ ಅವಕಾಶ ಈ ಎರಡರ ನಡುವಿನ ಸಮಯ. ಪ್ರೋಗ್ರಾಂ ತೆರೆಯಬೇಡಿ ಎಂದದ್ದೂ ಇದಕ್ಕೇ.

ನಕಲು ಮಾಡಿದ ಫೈಲನ್ನು, ಮೂಲವನ್ನಲ್ಲ, ದೊಡ್ಡ ಫೈಲು ತೆರೆಯಬಲ್ಲ ಯಾವುದಾದರೂ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ಗಿರಾಕಿಯೊಬ್ಬರ ಹೆಸರು ಹುಡುಕಿ. ಸಿಕ್ಕರೆ ನಿಮ್ಮ ಪತ್ರಗಳು ಜೀವಂತವಾಗಿವೆ. ಪ್ರತಿ ಪತ್ರದ ತಲೆಭಾಗದಲ್ಲಿ ಎಕ್ಸ್-ಮೊಜಿಲ್ಲಾ-ಸ್ಟೇಟಸ್ ಎಂಬ ಸಾಲಿರುತ್ತದೆ, ಅದರ ಮುಂದೆ ನಾಲ್ಕು ಅಂಕಿ. ಅಳಿಸಿದ ಗುರುತು ಇರುವುದು ಅಲ್ಲೇ. ಅದನ್ನು 0000 ಮಾಡಿ, ಫೈಲಿಗೆ ಹೊಸ ಹೆಸರು ಕೊಟ್ಟು, ಪ್ರೊಫೈಲಿನ ಲೋಕಲ್ ಫೋಲ್ಡರ್ಸ್ ಒಳಗಿಟ್ಟರೆ ಪತ್ರಗಳು ಮತ್ತೆ ಕಾಣುತ್ತವೆ. ಇಷ್ಟು ಮಾಡಲು ಕೈ ನಡುಗಿದರೆ, ಆ ನಕಲನ್ನು ಬಲ್ಲವರ ಮುಂದಿಡಿ. ನಕಲು ಭದ್ರವಾಗಿದ್ದರೆ ಅವಸರವೇನಿಲ್ಲ.

ಇನ್ನು ಹೀಗೇಕಾಯಿತು ಎಂಬ ವಿಚಾರ. ಐಮ್ಯಾಪ್ ಒಂದು ಕನ್ನಡಿ. ಸರ್ವರ್‌ನಲ್ಲಿ ಏನಿದೆಯೋ ಅದನ್ನೇ ತೋರಿಸುವುದು ಅದರ ಧರ್ಮ. ಅಲ್ಲಿ ಪತ್ರ ಹೋದರೆ ಇಲ್ಲಿಯೂ ಹೋಗಲೇಬೇಕು, ಇಲ್ಲದಿದ್ದರೆ ಅದು ಕೆಟ್ಟಿದೆ ಎಂದರ್ಥ. ಥಂಡರ್‌ಬರ್ಡ್ ತಪ್ಪು ಮಾಡಲಿಲ್ಲ, ಹೇಳಿದ ಕೆಲಸವನ್ನೇ ಮಾಡಿತು. ಕಂಪ್ಯೂಟರ್‌ನಲ್ಲಿ ಕಾಣುತ್ತಿದೆ ಎಂದಾಕ್ಷಣ ನಮ್ಮ ಕೈಯಲ್ಲಿ ಸ್ವಂತ ಪ್ರತಿ ಇದೆ ಎಂದುಕೊಳ್ಳುವುದು ಸಹಜ. ಆದರೆ ಐಮ್ಯಾಪ್‌ನಲ್ಲಿ ಕಾಣುವುದು ಬ್ಯಾಕಪ್ ಅಲ್ಲ. ಈ ಒಂದು ಮಾತು ಎಲ್ಲ ಮೇಲ್ ಪ್ರೋಗ್ರಾಂಗಳ ಮೊದಲ ಪರದೆಯಲ್ಲೇ ದೊಡ್ಡ ಅಕ್ಷರದಲ್ಲಿ ಇರಬೇಕಿತ್ತು ಎಂಬುದು ನನ್ನ ಬಹುದಿನದ ಆಸೆ.

ಜಾಗ ತೆರವು ಮಾಡುವ ಸರಿಯಾದ ಕ್ರಮ ಬೇರೆ. ಥಂಡರ್‌ಬರ್ಡ್‌ನ ಎಡಪಟ್ಟಿಯ ಕೆಳಗೆ ಲೋಕಲ್ ಫೋಲ್ಡರ್ಸ್ ಎಂದಿರುತ್ತದೆ. ಅದು ಯಾವ ಸರ್ವರ್‌ಗೂ ಸೇರಿದ್ದಲ್ಲ, ನಿಮ್ಮ ಡಿಸ್ಕಿಗೆ ಮಾತ್ರ ಸೇರಿದ್ದು. ಅದರೊಳಗೆ ವರ್ಷಕ್ಕೊಂದು ಫೋಲ್ಡರ್ ಮಾಡಿ, ಆ ವರ್ಷದ ಪತ್ರಗಳನ್ನು ಅಲ್ಲಿಗೆ ಕಾಪಿ ಮಾಡಿ. ಮೂವ್ ಮಾಡಬೇಡಿ. ಮೂವ್ ಮಾಡಿದರೆ ಆ ಕಡೆ ಅಳಿಸುವುದೂ ಜೊತೆಗೇ ನಡೆಯುತ್ತದೆ, ನಡುವೆ ನೆಟ್ ಕೈಕೊಟ್ಟರೆ ಏನು ಬಂತು ಏನು ಬಿಟ್ಟಿತು ಎಂದು ತಿಳಿಯದು. ಕಾಪಿ ಆದ ಮೇಲೆ ಎರಡೂ ಕಡೆಯ ಪತ್ರಗಳ ಸಂಖ್ಯೆ ತಾಳೆ ನೋಡಿ. ನೆಟ್ ತೆಗೆದು, ಅಟ್ಯಾಚ್‌ಮೆಂಟ್ ಇರುವ ಕೆಲವನ್ನು ತೆರೆದು ನೋಡಿ. ಖಾತೆಯ ಸೆಟ್ಟಿಂಗ್‌ನಲ್ಲಿ ಪತ್ರಗಳನ್ನು ಈ ಕಂಪ್ಯೂಟರ್‌ನಲ್ಲಿ ಇಟ್ಟುಕೊ ಎಂಬ ಆಯ್ಕೆಗೆ ಗುರುತು ಹಾಕಿರದಿದ್ದರೆ ಥಂಡರ್‌ಬರ್ಡ್ ಬರೀ ತಲೆಬರಹಗಳನ್ನು ತಂದಿಟ್ಟುಕೊಂಡಿರುತ್ತದೆ, ಆಗ ಇಳಿದಿದೆ ಎಂಬ ಭಾವನೆಯೇ ಸುಳ್ಳು. ಎಲ್ಲ ಸರಿಯಿದ್ದರೆ ಪ್ರೊಫೈಲನ್ನು ಹೊರಗಿನ ಡಿಸ್ಕಿಗೂ ನಕಲು ಮಾಡಿ. ವೆಬ್‌ಸೈಟಿನಲ್ಲಿ ಅಳಿಸುವುದು ಇಷ್ಟಾದ ನಂತರದ ಕೆಲಸ.

ಅಳಿಸುವಾಗಲೂ ಎಲ್ಲವನ್ನೂ ಅಳಿಸಬೇಕಿಲ್ಲ. ಜಾಗ ನುಂಗುವುದು ಪತ್ರಗಳಲ್ಲ, ಅಟ್ಯಾಚ್‌ಮೆಂಟ್‌ಗಳು. ಮೇಲ್‌ನಲ್ಲಿ ಫೈಲು ಪ್ರಯಾಣಿಸುವುದು ಸಾದಾ ಅಕ್ಷರಗಳಾಗಿ ಬದಲಾಗಿ. ಆ ಬದಲಾವಣೆಯಲ್ಲಿ ಪ್ರತಿ ಮೂರು ಬೈಟ್ ನಾಲ್ಕಾಗುತ್ತದೆ, ಅಂದರೆ 15 ಎಂಬಿ ಫೈಲು ಪತ್ರದೊಳಗೆ 20 ಎಂಬಿ ಆಗಿ ಕೂರುತ್ತದೆ. ದೊಡ್ಡ ಅಟ್ಯಾಚ್‌ಮೆಂಟ್ ಇರುವವನ್ನು ಗಾತ್ರದ ಪ್ರಕಾರ ಹುಡುಕಿ ತೆಗೆದರೆ ಹತ್ತಾರು ಪತ್ರಗಳಲ್ಲೇ ಬೇಕಾದಷ್ಟು ಜಾಗ ಸಿಗುತ್ತದೆ. ಅಂದಹಾಗೆ ಆ 15 ಜಿಬಿಯಲ್ಲಿ ಗೂಗಲ್ ಡ್ರೈವ್ ಮತ್ತು ಫೋಟೋಸ್ ಪಾಲೂ ಸೇರಿದೆ. ಮೇಲ್ ಮುಟ್ಟುವ ಮೊದಲು ಅಲ್ಲಿನ ವಿಡಿಯೋಗಳನ್ನು ನೋಡಿ.

ಪ್ರಶ್ನೆ: ಪಾಸ್‌ವರ್ಡ್ ಸರಿಯಾಗಿಯೇ ಇದೆ, ವೆಬ್‌ಸೈಟಿನಲ್ಲಿ ಅದರಿಂದಲೇ ಲಾಗಿನ್ ಆಗುತ್ತೇನೆ. ನನ್ನ ಹಳೆಯ ಮೇಲ್ ಪ್ರೋಗ್ರಾಂ ಮಾತ್ರ ಪಾಸ್‌ವರ್ಡ್ ತಪ್ಪು ಎನ್ನುತ್ತಿದೆ.

ಉತ್ತರ: ತಪ್ಪು ನಿಮ್ಮದಲ್ಲ. 2022ರ ಮೇ 30ರಿಂದ ಗೂಗಲ್ ವೈಯಕ್ತಿಕ ಖಾತೆಗಳಲ್ಲಿ ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಬರುವ ಹಳೆಯ ಬಗೆಯನ್ನು ನಿಲ್ಲಿಸಿತು. ಈಗಿನ ಪ್ರೋಗ್ರಾಂಗಳು ಓಆತ್ ಎಂಬ ಕ್ರಮ ಬಳಸುತ್ತವೆ. ಗೂಗಲ್‌ನದೇ ಲಾಗಿನ್ ಪುಟ ತೆರೆಯುತ್ತದೆ, ನೀವು ಅಲ್ಲಿ ಒಪ್ಪಿಗೆ ಕೊಡುತ್ತೀರಿ, ಪ್ರೋಗ್ರಾಂ ಕೈಗೆ ಪಾಸ್‌ವರ್ಡ್ ಸಿಗುವುದೇ ಇಲ್ಲ. ಇದು ಒಳ್ಳೆಯ ಬದಲಾವಣೆ. ನಿಮ್ಮ ಪ್ರೋಗ್ರಾಂ ಇದನ್ನು ಅರಿಯದಷ್ಟು ಹಳತಾಗಿದ್ದರೆ, ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಚಾಲೂ ಮಾಡಿ, ಆಪ್ ಪಾಸ್‌ವರ್ಡ್ ಎಂಬ 16 ಅಕ್ಷರಗಳ ಬೇರೆ ಪಾಸ್‌ವರ್ಡ್ ಪಡೆದು ಇಲ್ಲಿ ಹಾಕಬಹುದು. ಆದರೂ ನನ್ನ ಸಲಹೆ, ಪ್ರೋಗ್ರಾಂ ಬದಲಿಸಿ. ಲಾಗಿನ್ ಕ್ರಮವೇ ಹಳತಾಗಿರುವ ಪ್ರೋಗ್ರಾಂನಲ್ಲಿ ಇನ್ನೆಷ್ಟು ಭದ್ರತಾ ದೋಷಗಳು ಸರಿಯಾಗದೆ ಉಳಿದಿರಬಹುದು! ಸೆಟ್ಟಿಂಗ್ ಕೈಯಾರೆ ತುಂಬಬೇಕಾದರೆ ಐಮ್ಯಾಪ್‌ಗೆ ಪೋರ್ಟ್ 993, ಕಳಿಸಲು 465 ಅಥವಾ 587.

ಪ್ರಶ್ನೆ: ನಾನು ಸಣ್ಣ ಸಂಸ್ಥೆಯೊಂದರ ಕಾರ್ಯದರ್ಶಿ. ಸಂಸ್ಥೆಯ ಎರಡು ವಿಳಾಸ, ನನ್ನದೊಂದು, ಎಲ್ಲವನ್ನೂ ನಾನೇ ನೋಡಬೇಕು. ಮೂರು ಟ್ಯಾಬ್ ತೆರೆದಿಟ್ಟು ಸಾಕಾಗಿದೆ. ಪ್ರೋಗ್ರಾಂ ಹಾಕಿಕೊಂಡೆ, ಫಿಲ್ಟರ್ ಬರೆದೆ. ಆದರೆ ಫೋನಿನಲ್ಲಿ ನೋಡಿದರೆ ಪತ್ರಗಳು ವಿಂಗಡವಾಗಿರುವುದೇ ಇಲ್ಲ.

ಉತ್ತರ: ಪ್ರೋಗ್ರಾಂ ನಿಜವಾಗಿ ಗೆಲ್ಲುವುದು ನಿಮ್ಮಂಥವರ ಕೆಲಸದಲ್ಲೇ. ಮೂರೂ ಇನ್‌ಬಾಕ್ಸ್ ಒಂದೇ ಪಟ್ಟಿಯಲ್ಲಿ ಕಾಣುತ್ತವೆ, ಹುಡುಕಿದರೆ ಮೂರರಲ್ಲೂ ಒಟ್ಟಿಗೆ ಹುಡುಕುತ್ತದೆ, ಒಂದು ಖಾತೆಯ ಪತ್ರವನ್ನು ಇನ್ನೊಂದಕ್ಕೆ ಎಳೆದುಹಾಕಬಹುದು. ಇದನ್ನು ವೆಬ್‌ಮೇಲ್ ಮೂರು ಟ್ಯಾಬ್‌ಗಳಲ್ಲಿ ಎಂದೂ ಕೊಡಲಾರದು.

ಫಿಲ್ಟರ್ ವಿಷಯದಲ್ಲಿ ಮಾತ್ರ ವೆಬ್‌ಮೇಲ್ ಮುಂದು. ಪ್ರೋಗ್ರಾಂನಲ್ಲಿ ಬರೆದ ಫಿಲ್ಟರ್ ಓಡುವುದು ಪ್ರೋಗ್ರಾಂ ತೆರೆದಿದ್ದಾಗ ಮಾತ್ರ. ನೀವು ಕಚೇರಿಯಲ್ಲಿ ಕಂಪ್ಯೂಟರ್ ಮುಚ್ಚಿ ಹೊರಟ ಮೇಲೆ ಬಂದ ಪತ್ರ ವಿಂಗಡವಾಗದೆ ಇನ್‌ಬಾಕ್ಸ್‌ನಲ್ಲೇ ಕಾಯುತ್ತದೆ, ಫೋನಿಗೆ ಕಾಣುವುದು ಅದೇ. ವೆಬ್‌ಸೈಟಿನ ಸೆಟ್ಟಿಂಗ್‌ನಲ್ಲಿ ಬರೆದ ಫಿಲ್ಟರ್ ಸರ್ವರ್‌ನಲ್ಲೇ ಓಡುತ್ತದೆ, ನಿಮ್ಮ ಯಾವ ಯಂತ್ರವೂ ಚಾಲೂ ಇರಬೇಕಿಲ್ಲ. ಹಾಗಾಗಿ ಫಿಲ್ಟರ್‌ಗಳನ್ನು ಅಲ್ಲಿ ಬರೆಯಿರಿ, ಓದುವುದು ಬರೆಯುವುದನ್ನು ಇಲ್ಲಿ ಮಾಡಿ.

ಜಿಮೇಲ್ ಇದ್ದರೆ ಇನ್ನೊಂದು ಗೊಂದಲ ಎದುರಾಗುತ್ತದೆ. ಅಲ್ಲಿ ಫೋಲ್ಡರ್ ಇಲ್ಲ, ಲೇಬಲ್ ಇದೆ. ಒಂದೇ ಪತ್ರಕ್ಕೆ ಮೂರು ಲೇಬಲ್ ಅಂಟಿಸಿದ್ದರೆ ಪ್ರೋಗ್ರಾಂನಲ್ಲಿ ಅದು ಮೂರು ಫೋಲ್ಡರ್‌ಗಳಲ್ಲಿ ಕಾಣುತ್ತದೆ, ಆಲ್ ಮೇಲ್ ಎಂಬುದರಲ್ಲಿ ನಾಲ್ಕನೆಯ ಸಲ. ನಕಲಿ ಬಂದಿವೆ ಎಂದುಕೊಂಡು ಅಳಿಸಲು ಹೊರಡಬೇಡಿ. ಆಲ್ ಮೇಲ್ ಕಾಣುವುದು ಬೇಡವಾದರೆ ಜಿಮೇಲ್ ಸೆಟ್ಟಿಂಗ್‌ನಲ್ಲಿ ಅದನ್ನು ಐಮ್ಯಾಪ್‌ಗೆ ತೋರಿಸದಂತೆ ಗುರುತು ತೆಗೆಯಬಹುದು.

ಉತ್ತರ ಕಳಿಸುವ ಮುನ್ನ ಕಳಿಸುವವರ ವಿಳಾಸದ ಸಾಲನ್ನು ಪ್ರತಿ ಸಲವೂ ನೋಡಿ. ಎಲ್ಲ ಖಾತೆಗಳೂ ಒಂದೇ ಕಿಟಕಿಗೆ ಬಂದಾಗ ಸಂಸ್ಥೆಯ ಪತ್ರ ಸ್ವಂತ ವಿಳಾಸದಿಂದ ಹೋಗಿಬಿಡುವುದು ಬಹಳ ಸುಲಭ.

ಪ್ರಶ್ನೆ: ವೆಬ್‌ಮೇಲ್ ಬಿಟ್ಟು ನನ್ನದೇ ಕಂಪ್ಯೂಟರ್‌ನ ಪ್ರೋಗ್ರಾಂಗೆ ಬಂದರೆ ಕಂಪನಿಗಳು ನನ್ನ ಪತ್ರ ಓದಲಾರವು ಅಲ್ಲವೇ?

ಉತ್ತರ: ಹಾಗೇನಿಲ್ಲ, ಈ ನಂಬಿಕೆಯನ್ನು ಇಂದೇ ಬಿಡಿ. ನೀವು ಯಾವ ಕಿಟಕಿಯಿಂದ ನೋಡಿದರೂ ಪತ್ರ ಕೂತಿರುವುದು ಅದೇ ಸರ್ವರ್‌ನಲ್ಲಿ. ದಾರಿಯಲ್ಲಿ ಯಾರೂ ಕದ್ದು ಓದದಂತೆ ಟಿಎಲ್‌ಎಸ್ ಎಂಬ ಗೂಢಲಿಪಿ ಕಾಯುತ್ತದೆ, ನಿಜ. ಆದರೆ ಸರ್ವರ್ ತಲುಪಿದ ಮೇಲೆ ಅದನ್ನು ನಡೆಸುವವರಿಗೆ ಪತ್ರ ತೆರೆದೇ ಇರುತ್ತದೆ. ಜಾಹೀರಾತನ್ನು ನಿಮಗೆ ಹೊಂದಿಸಲು ಜಿಮೇಲ್ ಪತ್ರಗಳನ್ನು ಬಳಸುವುದನ್ನು ನಿಲ್ಲಿಸುವುದಾಗಿ ಗೂಗಲ್ 2017ರಲ್ಲಿ ಹೇಳಿತು. ಸ್ಪ್ಯಾಮ್ ಹಿಡಿಯಲು ಯಂತ್ರಗಳು ಪತ್ರದ ಒಳಗನ್ನು ನೋಡಲೇಬೇಕು, ಅದು ಈಗಲೂ ನಡೆಯುತ್ತದೆ.

ಕಂಪ್ಯೂಟರಿಗೆ ಹಾಕಿಕೊಂಡ ಪ್ರೋಗ್ರಾಂ ಎಂದ ಮಾತ್ರಕ್ಕೆ ಅದು ನಿಮ್ಮ ಸರ್ವರ್ ಜೊತೆ ನೇರವಾಗಿ ಮಾತಾಡುತ್ತದೆ ಎಂಬ ಖಾತರಿಯೂ ಇಲ್ಲ. ವಿಂಡೋಸ್‌ನ ಹಳೆಯ ಮೇಲ್ ಪ್ರೋಗ್ರಾಂಗೆ 2024ರ ಕೊನೆಗೆ ಬೆಂಬಲ ನಿಂತು, ಅದರ ಜಾಗಕ್ಕೆ ಹೊಸ ಔಟ್‌ಲುಕ್ ಬಂತು. ಅದಕ್ಕೆ ಬೇರೆ ಕಂಪನಿಯ ಖಾತೆ ಸೇರಿಸುವಾಗ, ಪತ್ರಗಳನ್ನು ಮೈಕ್ರೋಸಾಫ್ಟ್ ಕ್ಲೌಡ್‌ಗೆ ಸಿಂಕ್ ಮಾಡುವ ಬಗ್ಗೆ ಒಂದು ಪರದೆ ಬರುತ್ತದೆ. ಒಪ್ಪಿದರೆ ಪತ್ರಗಳ ಪ್ರತಿ ಎರಡನೆಯ ಕಂಪನಿಯ ಸರ್ವರ್‌ನಲ್ಲೂ ಇರುತ್ತದೆ. ಮುಚ್ಚುಮರೆ ಇಲ್ಲ, ಮೈಕ್ರೋಸಾಫ್ಟ್ ತಾನೇ ಇದನ್ನು ಬರೆದು ಹೇಳಿದೆ. ಆದರೆ ಮುಂದೆ ಮುಂದೆ ಎಂದು ಒತ್ತುತ್ತ ಹೋಗುವವರು ಅದನ್ನು ಓದುವುದಿಲ್ಲ. ಗೋಪ್ಯತೆಗಾಗಿಯೇ ಪ್ರೋಗ್ರಾಂ ಹುಡುಕುವವರು ಆ ಪರದೆಯ ಮುಂದೆ ನಿಂತು ಓದಬೇಕು.

ಸರ್ವರ್‌ನವರಿಗೂ ಕಾಣದಂತೆ ಬರೆಯಬೇಕೆಂದರೆ ಪತ್ರವನ್ನೇ ಗೂಢಲಿಪಿಗೆ ತಿರುಗಿಸುವ ಓಪನ್‌ಪಿಜಿಪಿ ಎಂಬ ಕ್ರಮ ಬೇಕು. ಥಂಡರ್‌ಬರ್ಡ್‌ನಲ್ಲಿ 2020ರ 78ನೆಯ ಆವೃತ್ತಿಯಿಂದ ಅದು ಒಳಗೇ ಇದೆ. ಅದಕ್ಕೆ ಆ ಕಡೆಯವರ ಬಳಿಯೂ ಕೀಲಿ ಇರಬೇಕು. ಯಾರು ಯಾರಿಗೆ ಯಾವಾಗ ಬರೆದರು ಎಂಬುದು ಆಗಲೂ ಮುಚ್ಚುವುದಿಲ್ಲ. ಇಂಥ ಅಗತ್ಯ ಇರುವವರು ಕಡಿಮೆ. ಇದ್ದವರು ಖಂಡಿತ ಕಲಿಯಿರಿ.

ಎಲ್ಲರಿಗೂ ನಿತ್ಯ ತಾಗುವ ವಿಷಯ ಚಿತ್ರಗಳದು. ಪತ್ರದೊಳಗೆ ಕಣ್ಣಿಗೆ ಕಾಣದ ಒಂದು ಚುಕ್ಕೆಯಷ್ಟು ಚಿತ್ರವಿಟ್ಟು, ಅದು ಯಾವಾಗ ತೆರೆಯಿತು ಎಂದು ಕಳಿಸಿದವರು ಲೆಕ್ಕ ಇಡುತ್ತಾರೆ. ಥಂಡರ್‌ಬರ್ಡ್ ಹೊರಗಿನ ಚಿತ್ರಗಳನ್ನು ನೀವು ಹೇಳುವವರೆಗೆ ತರಿಸುವುದಿಲ್ಲ. ಜಿಮೇಲ್ 2013ರಿಂದ ತನ್ನ ಸರ್ವರ್‌ಗಳ ಮೂಲಕ ತರಿಸಿ ನಿಮ್ಮ ಐಪಿ ವಿಳಾಸ, ಅಂದರೆ ನೆಟ್‌ನಲ್ಲಿ ನಿಮ್ಮನ್ನು ಗುರುತಿಸುವ ಸಂಖ್ಯೆ, ಮರೆಸುತ್ತದೆ, ಆದರೂ ನೀವು ಪತ್ರ ತೆರೆದದ್ದು ತಿಳಿಯಬಹುದು. ಜಿಮೇಲ್ ಸೆಟ್ಟಿಂಗ್‌ನಲ್ಲೂ ಚಿತ್ರ ತೋರಿಸುವ ಮುನ್ನ ಕೇಳು ಎಂಬ ಆಯ್ಕೆ ಇದೆ. ಹಾಕಿಕೊಳ್ಳಿ.

ಇನ್ನೊಂದು ಮುಖವನ್ನೂ ಹೇಳಬೇಕು. ಪ್ರೋಗ್ರಾಂ ತಂದಿಟ್ಟ ಪತ್ರಗಳು ನಿಮ್ಮ ಡಿಸ್ಕಿನಲ್ಲಿ ಸಾದಾ ಪಠ್ಯವಾಗಿ ಕೂತಿವೆ ಎಂದೆನಲ್ಲ, ಲ್ಯಾಪ್‌ಟಾಪ್ ಕಳುವಾದರೆ ಕಳ್ಳನಿಗೂ ಅವು ಸಾದಾ ಪಠ್ಯವೇ. ವಿಂಡೋಸ್‌ನ ಬಿಟ್‌ಲಾಕರ್, ಮ್ಯಾಕ್‌ನ ಫೈಲ್‌ವಾಲ್ಟ್, ಹೀಗೆ ಇಡೀ ಡಿಸ್ಕನ್ನು ಗೂಢಲಿಪಿಯಲ್ಲಿಡುವ ಸೌಲಭ್ಯ ಚಾಲೂ ಮಾಡದೆ ಮೇಲ್ ಪ್ರೋಗ್ರಾಂ ಬಳಸಬೇಡಿ. ಥಂಡರ್‌ಬರ್ಡ್‌ನಲ್ಲಿ ಪ್ರೈಮರಿ ಪಾಸ್‌ವರ್ಡ್ ಕೂಡ ಇಡಿ, ಇಲ್ಲದಿದ್ದರೆ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಸೆಟ್ಟಿಂಗ್ ತೆರೆದ ಯಾರಾದರೂ ಓದಬಹುದು. ಹಲವರು ಬಳಸುವ ಕಂಪ್ಯೂಟರ್ ಆದರೆ ವೆಬ್‌ಮೇಲ್ ನೋಡಿ ಲಾಗೌಟ್ ಆಗುವುದೇ ಸರಿ.

ಪ್ರಶ್ನೆ: ನೀವು ಯಾವ ಪ್ರೋಗ್ರಾಂ ಬಳಸುತ್ತೀರಿ? ಯಾವುದನ್ನು ಕೊಳ್ಳಬೇಕು?

ಉತ್ತರ: ನಾನು ಥಂಡರ್‌ಬರ್ಡ್. ಕೊಳ್ಳಬೇಕಿಲ್ಲ, ಬಳಕೆದಾರರ ದೇಣಿಗೆಯಿಂದ ನಡೆಯುತ್ತದೆ. 2004ರ ಡಿಸೆಂಬರ್‌ನಲ್ಲಿ ಮೊದಲ ಪೂರ್ಣ ಆವೃತ್ತಿ ಬಂತು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ, 2024ರಿಂದ ಆಂಡ್ರಾಯ್ಡ್ ಫೋನಿಗೂ ಇದೆ. ಮ್ಯಾಕ್ ಇರುವವರಿಗೆ ಅದರೊಂದಿಗೇ ಬರುವ ಮೇಲ್ ಪ್ರೋಗ್ರಾಂ ಚೆನ್ನಾಗಿದೆ. ಕಚೇರಿಯಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಎಂಬ ಮೇಲ್ ಸರ್ವರ್, ಸಭೆಗಳ ಕ್ಯಾಲೆಂಡರ್ ಇರುವವರಿಗೆ ಔಟ್‌ಲುಕ್ ಅನಿವಾರ್ಯ, ಆ ಕೆಲಸದಲ್ಲಿ ಅದು ಸಮರ್ಥವೂ ಹೌದು.

ಆದರೆ ಬಣ್ಣ, ಬಟನ್ ನೋಡಿ ಆಯ್ಕೆ ಮಾಡಬೇಡಿ. ಪ್ರೋಗ್ರಾಂ ನಿಂತುಹೋದ ದಿನ ಪತ್ರಗಳು ಯಾವ ರೂಪದ ಫೈಲಿನಲ್ಲಿ ನಿಮ್ಮ ಕೈಗೆ ಬರುತ್ತವೆ ಎಂದು ಕೇಳಿ. 1988ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ಡಾರ್ನರ್ ಬರೆದ ಯುಡೋರಾ ಒಂದು ಕಾಲಕ್ಕೆ ಬಹಳ ಜನರ ಅಚ್ಚುಮೆಚ್ಚಿನ ಮೇಲ್ ಪ್ರೋಗ್ರಾಂ. ಆಮೇಲೆ ಅದು ಕ್ವಾಲ್‌ಕಾಮ್ ಕಂಪನಿಯ ಪಾಲಾಯಿತು, 2006ರಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. ಅದರ ಪತ್ರಪೆಟ್ಟಿಗೆಗಳು ಎಂಬಾಕ್ಸ್‌ಗೆ ತೀರ ಹತ್ತಿರದ ಸಾದಾ ಪಠ್ಯವಾಗಿದ್ದವು. ಹಾಗಾಗಿ ಪತ್ರಗಳನ್ನು ಹೊಸ ಪ್ರೋಗ್ರಾಂಗೆ ಸಾಗಿಸುವುದು ಸಾಧ್ಯವಾಯಿತು. ಔಟ್‌ಲುಕ್ ಪತ್ರಗಳನ್ನು ಕೂಡಿಡುವ ಪಿಎಸ್‌ಟಿ ಎಂಬ ಫೈಲು ಅಷ್ಟು ಸರಳವಲ್ಲ. ಹಳೆಯ ಬಗೆಯ ಪಿಎಸ್‌ಟಿಗೆ 2 ಜಿಬಿಯ ಮಿತಿ ಇತ್ತು, ಅದನ್ನು ಮೀರಿ ಕೆಟ್ಟ ಫೈಲುಗಳನ್ನು ರಿಪೇರಿ ಮಾಡಿಸಲು ಜನ ಪಟ್ಟ ಪಾಡನ್ನು ಕೆಲಸದಲ್ಲಿದ್ದಾಗ ಹತ್ತಿರದಿಂದ ಕಂಡಿದ್ದೇನೆ.

ಪ್ರಶ್ನೆ: ನಮ್ಮ ತಂದೆ ಹೋದ ವರ್ಷ ತೀರಿಕೊಂಡರು. ಅವರ ಹಳೆಯ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್‌ನ ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ನನಗೂ ನನ್ನ ತಂಗಿಗೂ ಬರೆದ ಪತ್ರಗಳಿವೆ. ಕೊನೆಯ ವರ್ಷಗಳ ಪತ್ರಗಳು ಅವರ ಜಿಮೇಲ್‌ನಲ್ಲಿವೆ, ಅದರ ಪಾಸ್‌ವರ್ಡ್ ನಮಗೆ ಕೊಟ್ಟಿದ್ದರು. ಇವನ್ನೆಲ್ಲ ಉಳಿಸಿಕೊಳ್ಳುವುದು ಹೇಗೆ?

ಉತ್ತರ: ತಂದೆಯವರ ಪತ್ರಗಳನ್ನು ಖಂಡಿತ ಉಳಿಸಿಕೊಳ್ಳಬಹುದು. ಮೊದಲು ಜಿಮೇಲ್ ನೋಡೋಣ, ಅಲ್ಲಿ ಕಾಲದ ಮಿತಿ ಇದೆ. ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಖಾತೆಗಳನ್ನು ಗೂಗಲ್ ಅಳಿಸಬಹುದು. ಈ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಹಾಗಾಗಿ ಈ ವಾರವೇ ಲಾಗಿನ್ ಆಗಿ, ಗೂಗಲ್ ಟೇಕ್‌ಔಟ್ ಎಂಬ ಪುಟಕ್ಕೆ ಹೋಗಿ, ಮೇಲ್ ಒಂದನ್ನೇ ಆಯ್ದು ಪ್ರತಿ ಕೇಳಿ. ಸಿದ್ಧವಾದಾಗ ಇಳಿಸಿಕೊಳ್ಳುವ ಕೊಂಡಿ ಆ ಖಾತೆಗೇ ಬರುತ್ತದೆ. ಸಿಗುವುದು ಎಂಬಾಕ್ಸ್ ಫೈಲು. ಥಂಡರ್‌ಬರ್ಡ್‌ನ ಲೋಕಲ್ ಫೋಲ್ಡರ್ಸ್‌ಗೆ ಅದನ್ನು ಸೇರಿಸಿದರೆ ಎಲ್ಲವನ್ನೂ ಓದಬಹುದು. ಇಂಪೋರ್ಟ್ ಎಕ್ಸ್‌ಪೋರ್ಟ್ ಟೂಲ್ಸ್ ಎನ್‌ಜಿ ಎಂಬ ಆಡ್-ಆನ್ ಈ ಕೆಲಸ ಮಾಡಿಕೊಡುತ್ತದೆ. ಪಾಸ್‌ವರ್ಡ್ ಇಲ್ಲದ ಕುಟುಂಬಗಳು ಗೂಗಲ್‌ಗೆ ಅರ್ಜಿ ಹಾಕಬೇಕಾಗುತ್ತದೆ, ಎಲ್ಲ ಅರ್ಜಿಗಳಿಗೂ ಪತ್ರ ಸಿಗುವುದಿಲ್ಲ. ಬದುಕಿರುವಾಗಲೇ ಇನ್ಯಾಕ್ಟಿವ್ ಅಕೌಂಟ್ ಮ್ಯಾನೇಜರ್‌ನಲ್ಲಿ ನಂಬಿಕಸ್ಥರ ಹೆಸರು ಬರೆದಿಡಬಹುದು. ಓದುತ್ತಿರುವ ನೀವೆಲ್ಲರೂ ಅದನ್ನು ಮಾಡಿ ಎಂದು ಕೇಳಿಕೊಳ್ಳುತ್ತೇನೆ.

ಈಗ ಹಳೆಯ ಯಂತ್ರ. ಅದನ್ನು ನೆಟ್‌ಗೆ ಜೋಡಿಸಬೇಡಿ. ಎಕ್ಸ್‌ಪಿಗೆ 2014ರಲ್ಲೇ ಭದ್ರತಾ ಬೆಂಬಲ ನಿಂತಿದೆ, ಅಲ್ಲಿಂದ ಪತ್ರಗಳನ್ನು ನೆಟ್ ಮೂಲಕ ಸಾಗಿಸಲು ಇಂದಿನ ಸರ್ವರ್‌ಗಳೂ ಒಪ್ಪಲಾರವು. ಔಟ್‌ಲುಕ್ ಎಕ್ಸ್‌ಪ್ರೆಸ್ ಪ್ರತಿ ಫೋಲ್ಡರಿಗೆ ಒಂದು ಡಿಬಿಎಕ್ಸ್ ಫೈಲು ಇಡುತ್ತದೆ. ಆ ಪ್ರೋಗ್ರಾಂ ತೆರೆಯುವ ಮೊದಲೇ ವಿಂಡೋಸ್‌ನ ಹುಡುಕಾಟದಲ್ಲಿ, ಮರೆಯಾಗಿರುವ ಫೈಲುಗಳನ್ನೂ ಸೇರಿಸಿ, ಡಿಬಿಎಕ್ಸ್ ಎಂದು ಹುಡುಕಿ, ಸಿಕ್ಕಿದ್ದನ್ನೆಲ್ಲ ಪೆನ್ ಡ್ರೈವ್‌ಗೆ ನಕಲು ಮಾಡಿ. ಫೋಲ್ಡರ್ ಕಾಂಪ್ಯಾಕ್ಟ್ ಮಾಡಲೇ ಎಂದು ಪ್ರೋಗ್ರಾಂ ಯಾವಾಗ ಕೇಳಿದರೂ ಬೇಡ ಎನ್ನಿ.

ಆಮೇಲೆ ಡೆಸ್ಕ್‌ಟಾಪ್ ಮೇಲೆ ಖಾಲಿ ಫೋಲ್ಡರ್ ಒಂದನ್ನು ಮಾಡಿ, ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ಪತ್ರಗಳನ್ನು ಆಯ್ದು ಅದರೊಳಗೆ ಎಳೆದುಹಾಕಿ. ಪ್ರತಿ ಪತ್ರವೂ ಇಎಂಎಲ್ ಎಂಬ ಬಿಡಿ ಫೈಲು ಆಗುತ್ತದೆ. ಇದು ಥಂಡರ್‌ಬರ್ಡ್ ಸೇರಿದಂತೆ ಬಹುತೇಕ ಎಲ್ಲ ಮೇಲ್ ಪ್ರೋಗ್ರಾಂಗಳೂ ಓದುವ ರೂಪ. ಇನ್‌ಬಾಕ್ಸ್ ಅಷ್ಟೇ ಅಲ್ಲ, ಕಳಿಸಿದ ಪತ್ರಗಳ ಫೋಲ್ಡರ್ ಮುಖ್ಯ. ಅವರು ನಿಮಗೆ ಬರೆದದ್ದು ಇರುವುದು ಅಲ್ಲಿ. ಡ್ರಾಫ್ಟ್ಸ್ ಕೂಡ ಬಿಡಬೇಡಿ.

ಕೆಲವು ಪತ್ರ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣಬಹುದು. ಅದು ಕೆಟ್ಟ ಪತ್ರವಲ್ಲ. ಎಲ್ಲ ಕಡೆಗೂ ಒಂದೇ ಆದ ಯುನಿಕೋಡ್ ಅಕ್ಷರಸಂಕೇತದ ಬಳಕೆ ಹರಡುವ ಮೊದಲು ಒಂದೊಂದು ಫಾಂಟಿಗೆ ಒಂದೊಂದು ಲೆಕ್ಕವಿತ್ತು, ಬರೆದ ಫಾಂಟ್ ಇಲ್ಲದಿದ್ದರೆ ಹಾಗೆ ಕಾಣುತ್ತದೆ. ಆ ಕಂಪ್ಯೂಟರ್‌ನ ಫಾಂಟ್ಸ್ ಫೋಲ್ಡರನ್ನೂ ನಕಲು ಮಾಡಿಕೊಂಡರೆ ಈಗ ಓದಬಹುದು, ಬಿಡುವಾದಾಗ ಯುನಿಕೋಡ್‌ಗೆ ಬದಲಿಸಬಹುದು.

ಎಲ್ಲ ಆದ ಮೇಲೆ ಎರಡು ಡಿಸ್ಕುಗಳಲ್ಲಿ ಪ್ರತಿ ಇರಲಿ. ಒಂದು ನಿಮ್ಮ ಬಳಿ, ಇನ್ನೊಂದು ತಂಗಿಯ ಬಳಿ. ಇಎಂಎಲ್ ಆಗಿ ಬದಲಾಗಿದೆ ಎಂದು ಮೂಲದ ಡಿಬಿಎಕ್ಸ್ ಫೈಲುಗಳನ್ನು ಅಳಿಸಬೇಡಿ, ಅವೂ ಜೊತೆಗಿರಲಿ. ಎಳೆದುಹಾಕುವಾಗ ಪ್ರೋಗ್ರಾಂ ಮಧ್ಯೆ ನಿಂತುಹೋದರೆ ಅದೇ ಪತ್ರದ ದಿನಾಂಕ ಗುರುತು ಮಾಡಿಕೊಂಡು ನನಗೆ ಬರೆಯಿರಿ.